ಗಲ್ಲಾಪೆಟ್ಟಿಗೆಯ ಬಂದೂಕು: ರಕ್ಷಣೆಯೋ, ಇನ್ನೊಂದು ಪರಿಗ್ರಹವೋ?

ಚಿನ್ನ, ಬೆಳ್ಳಿ, ಗಿರವಿ, ನಗದು ಇವುಗಳ ನಡುವೆ ಬದುಕು ಕಟ್ಟಿಕೊಂಡ ಗೃಹಸ್ಥನು ಆತ್ಮರಕ್ಷಣೆಗೆಂದು ಬಂದೂಕು ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಹೈದರಾಬಾದಿನಲ್ಲಿ ಹೊಸದಲ್ಲ. ಆದರೆ 2025ರಲ್ಲಿ ಆ ಪ್ರಶ್ನೆಗೆ ಕನ್ನಡ ನಾಡಿನ ಗಾಯವೊಂದು ಸೇರಿಕೊಂಡಿತು. ಆ ವರ್ಷದ ಜನವರಿ 16ರಂದು ಬೀದರಿನ ನಡುಪೇಟೆಯಲ್ಲಿ, ಭಾರತೀಯ ಸ್ಟೇಟ್ ಬ್ಯಾಂಕಿನ ಶಾಖೆಯ ಎದುರು, ಎಟಿಎಂಗಳಿಗೆ ತುಂಬಬೇಕಾದ ಹಣವನ್ನು ಸಾಗಿಸುತ್ತಿದ್ದವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಹಣ ಸಾಗಿಸುವ ಸಂಸ್ಥೆಯ ನೌಕರನೊಬ್ಬ ಪ್ರಾಣ ಕಳೆದುಕೊಂಡ. ಇನ್ನೊಬ್ಬ ತೀವ್ರವಾಗಿ ಗಾಯಗೊಂಡ. ಹಣದ ಪೆಟ್ಟಿಗೆಯೊಂದಿಗೆ ಪರಾರಿಯಾದವರು ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜಿಗೆ ಬಂದು, ಅಲ್ಲಿ ಪ್ರವಾಸಿ ಬಸ್ಸುಗಳ ಕಚೇರಿಯೊಂದರ ವ್ಯವಸ್ಥಾಪಕನ ಮೇಲೂ ಗುಂಡು ಹಾರಿಸಿ ಮರೆಯಾದರು.

ಅದಕ್ಕೂ ಮೊದಲು, 2022ರ ಡಿಸೆಂಬರ್ 1ರ ರಾತ್ರಿ, ಹೈದರಾಬಾದಿನ ನಾಗೋಲಿನ ಆಭರಣದ ಅಂಗಡಿಯೊಂದಕ್ಕೆ ನುಗ್ಗಿದ ದರೋಡೆಕೋರರು ಇಬ್ಬರನ್ನು ಗುಂಡಿಕ್ಕಿ ಗಾಯಗೊಳಿಸಿ ಚಿನ್ನವನ್ನು ಕಸಿದು ಓಡಿದ್ದರು. 2025ರ ಆಗಸ್ಟ್ 12ರಂದು ನಗರದ ಇನ್ನೊಂದು ತುದಿಯಲ್ಲಿರುವ ಚಂದಾನಗರದಲ್ಲಿ ಹಾಡಹಗಲೇ ಆಭರಣ ಮಳಿಗೆಯೊಂದರ ಸಿಬ್ಬಂದಿಯ ಕಾಲಿಗೆ ಗುಂಡು ತಗುಲಿತು. ಇಂತಹ ಸುದ್ದಿಗಳು ಬಂದಾಗಲೆಲ್ಲ ಬೇಗಂ ಬಜಾರಿನಿಂದ ಸಿಕಂದರಾಬಾದಿನ ಜನರಲ್ ಬಜಾರಿನವರೆಗೆ, ಕಲಬುರಗಿ, ಬೀದರ್, ಬೆಳಗಾವಿಗಳಿಂದ ಹೋಗಿ ನೆಲೆಸಿದ ಕುಟುಂಬಗಳಲ್ಲಿಯೂ ಒಂದೇ ಮಾತು ಹುಟ್ಟುವುದು ಸಹಜ: ‘ಕಳ್ಳನ ಕೈಯಲ್ಲಿ ಪಿಸ್ತೂಲು ಇರುವಾಗ ಸಾಹುಕಾರನ ಕೈ ಬರಿದಾಗಿರಬೇಕೇ?’

ಈ ಮಾತನ್ನು ‘ಅಹಿಂಸಾ ಪರಮೋ ಧರ್ಮಃ’ ಎಂಬ ಒಂದೇ ಉತ್ತರದಿಂದ ಮುಚ್ಚಿಹಾಕುವುದು ಸುಲಭ. ಆದರೆ ಅದು ಪ್ರಾಮಾಣಿಕ ಉತ್ತರವಾಗದು. ಗುಂಡಿನ ಸದ್ದು ಕೇಳಿದ ಅಂಗಡಿಯಲ್ಲಿ ಕುಳಿತವನ ಭಯ ನಿಜವಾದುದು. ಅವನಿಗೆ ಹೆಂಡತಿ ಮಕ್ಕಳಿದ್ದಾರೆ. ಅವನನ್ನು ನಂಬಿದ ಕೆಲಸಗಾರರಿದ್ದಾರೆ. ಅವನ ಪ್ರಶ್ನೆಗೆ ಶಾಸ್ತ್ರ, ಕಾನೂನು, ಅನುಭವ ಈ ಮೂರರ ಬೆಳಕಿನಲ್ಲಿ ಉತ್ತರ ಕೊಡುವುದು ಸಮಾಜದ ಕರ್ತವ್ಯ.

ಶಾಸ್ತ್ರ ಏನನ್ನು ಬಿಟ್ಟುಕೊಟ್ಟಿದೆ?

ಜೈನಾಚಾರ್ಯರು ಗೃಹಸ್ಥನನ್ನು ಮುನಿಯ ಅಳತೆಗೋಲಿನಿಂದ ಅಳೆಯಲಿಲ್ಲ. ಮುನಿಗೆ ಮಹಾವ್ರತ, ಶ್ರಾವಕನಿಗೆ ಅಣುವ್ರತ. ಗೃಹಸ್ಥನ ಬಾಳಿನಲ್ಲಿ ಒದಗುವ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಪದ್ಧತಿ ಶ್ರಾವಕಾಚಾರವನ್ನು ಓದಿದವರಿಗೆಲ್ಲ ತಿಳಿದದ್ದೇ. ಬೇಕೆಂದು ಮನಸ್ಸು ಮಾಡಿ ಮಾಡುವುದು ಸಂಕಲ್ಪೀ ಹಿಂಸೆ. ಅಡಿಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ. ಬೇಸಾಯ, ವ್ಯಾಪಾರಗಳಲ್ಲಿ ತಪ್ಪಿಸಲಾಗದೆ ಆಗುವುದು ಉದ್ಯೋಗೀ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧೀ. ಇವುಗಳಲ್ಲಿ ಶ್ರಾವಕನು ಪೂರ್ತಿಯಾಗಿ ಬಿಡಬೇಕಾದದ್ದು ಮೊದಲನೆಯದು. ಉಳಿದವುಗಳನ್ನು ಅವನು ಕಡಿಮೆ ಮಾಡುತ್ತ ಹೋಗಬೇಕು. ಆದರೆ ಅವು ಅವನ ವ್ರತವನ್ನು ಮುರಿಯುವುದಿಲ್ಲ.

ಆದ್ದರಿಂದ, ತನ್ನ ಪ್ರಾಣಕ್ಕೆ, ಮನೆಯವರ ಮಾನಕ್ಕೆ ಕುತ್ತು ಬಂದಾಗ ತಡೆದು ನಿಲ್ಲುವ ಗೃಹಸ್ಥನನ್ನು ಜೈನಧರ್ಮ ಪಾತಕಿಯೆಂದು ಕರೆಯುವುದಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಗಂಗರ ಸೇನಾಪತಿಯಾಗಿದ್ದವನು. ಯುದ್ಧಗಳಲ್ಲಿ ಗೆದ್ದು ಬಿರುದುಗಳನ್ನು ಪಡೆದವನು. ಅಹಿಂಸೆ ಎಂದರೆ ಅಂಜಿಕೆ ಎಂಬ ಟೀಕೆಗೆ ಕನ್ನಡ ನಾಡಿನ ಜೈನ ಇತಿಹಾಸವೇ ಉತ್ತರ.

ಹಾಗಾದರೆ ವಿವಾದ ಎಲ್ಲಿ ಉಳಿಯಿತು? ತಡೆಯುವ ಹಕ್ಕು ಇದೆಯೇ ಎಂಬುದರಲ್ಲಿ ಅಲ್ಲ. ವರ್ಷವೆಲ್ಲ ಗಲ್ಲಾಪೆಟ್ಟಿಗೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ನಿಜವಾಗಿ ತಡೆಯೇ ಎಂಬುದರಲ್ಲಿ. ವಿರೋಧೀ ಹಿಂಸೆ ಒಂದು ಕ್ಷಣದ, ಬೇರೆ ದಾರಿಯಿಲ್ಲದ ಸ್ಥಿತಿ. ಕೊಲ್ಲುವುದಕ್ಕೆಂದೇ ಮಾಡಿದ ಸಾಧನವನ್ನು ಕೊಂಡು, ಗುರಿ ಹಿಡಿಯುವುದನ್ನು ಕಲಿತು, ಗುಂಡು ತುಂಬಿ, ‘ಬಂದರೆ ಬಿಡುವುದಿಲ್ಲ’ ಎಂದು ದಿನವೂ ಮನಸ್ಸಿನಲ್ಲಿ ಅಣಿಯಾಗುವುದು ಒಂದು ಕ್ಷಣದ ಸ್ಥಿತಿಯಲ್ಲ. ಅಲ್ಲಿ ವಿರೋಧೀ ಹಿಂಸೆ ಮೆಲ್ಲಮೆಲ್ಲನೆ ಸಂಕಲ್ಪದ ಕಡೆಗೆ ಸರಿಯುತ್ತದೆ. ಈ ಸರಿಯುವಿಕೆಯನ್ನು ಗಮನಿಸದೆ ‘ಶಾಸ್ತ್ರದಲ್ಲಿ ಒಪ್ಪಿಗೆ ಇದೆ’ ಎನ್ನುವುದು ಅರ್ಧ ಓದು.

ದಾಳಿಯ ಗಳಿಗೆಯಲ್ಲಿ ಬಂದೂಕು

ಧರ್ಮದ ಮಾತನ್ನು ಒತ್ತಟ್ಟಿಗಿಟ್ಟು ಲೌಕಿಕ ಲೆಕ್ಕವನ್ನೇ ನೋಡೋಣವೆಂದರೂ ಬಂದೂಕಿನ ಪರ ನಿಲ್ಲುವುದು ಕಷ್ಟ. ಬೀದರಿನಲ್ಲಿ ಆದದ್ದು ಹೊಂಚಿನ ದಾಳಿ. ಹೊಂಚಿನ ದಾಳಿಯಲ್ಲಿ ಮೊದಲ ಗುಂಡು ಯಾವಾಗಲೂ ದಾಳಿಕೋರನದೇ. ದರೋಡೆಕೋರನಿಗೆ ಸಮಯ ಗೊತ್ತು, ಜಾಗ ಗೊತ್ತು, ಏನು ಮಾಡಬೇಕೆಂಬುದೂ ಗೊತ್ತು. ಅಂಗಡಿಯಾತನಿಗೆ ಅದಾವುದೂ ಗೊತ್ತಿಲ್ಲ. ಖಾನೆಯ ಬೀಗ ತೆಗೆದು, ಎದುರಿಗಿರುವವನು ಗ್ರಾಹಕನೋ ಕಳ್ಳನೋ ಎಂದು ನಿರ್ಧರಿಸಿ, ನಡುವೆ ನಿಂತ ಹೆಂಗಸು ಮಕ್ಕಳನ್ನು ತಪ್ಪಿಸಿ ಗುರಿ ಹಿಡಿಯಲು ಅವನಿಗೆ ಬಿಡುವು ಸಿಗುವುದಿಲ್ಲ. ಕೈ ಖಾನೆಯ ಕಡೆಗೆ ಹೋದದ್ದನ್ನು ಕಂಡ ದರೋಡೆಕೋರ ಹೆದರಿಸಲೆಂದು ತಂದ ಆಯುಧವನ್ನು ಕೊಲ್ಲಲು ಬಳಸುತ್ತಾನೆ.

ಹೈದರಾಬಾದಿನದೇ ಒಂದು ನಿದರ್ಶನ. 2014ರ ನವೆಂಬರ್ 19ರ ಬೆಳಗ್ಗೆ ಬಂಜಾರಾ ಹಿಲ್ಸ್‌ನ ಕೆ.ಬಿ.ಆರ್. ಉದ್ಯಾನದ ಬಳಿ, ನಡಿಗೆ ಮುಗಿಸಿ ಕಾರು ಹತ್ತಿದ ಔಷಧೋದ್ಯಮಿಯೊಬ್ಬರ ಮೇಲೆ ಎಕೆ-47 ಹಿಡಿದವನೊಬ್ಬ ಎರಗಿದ. ಉದ್ಯಮಿ ಬಂದೂಕಿನ ನಳಿಕೆಯನ್ನು ಹಿಡಿದು ತಿರುಗಿಸಿದರು. ಅವರ ಸಹೋದರ ನೆರವಿಗೆ ಧಾವಿಸಿದರು. ಗುಂಡುಗಳು ಹಾರಿದವು, ಯಾರೂ ಸಾಯಲಿಲ್ಲ. ದಾಳಿಕೋರ ಆಯುಧವನ್ನು ಬಿಟ್ಟು ಓಡಿದ, ಬಳಿಕ ಸೆರೆಸಿಕ್ಕ. ಇಕ್ಕಟ್ಟಿನ ಕಾರಿನೊಳಗೆ, ಮೈಮೇಲೆ ಬಿದ್ದ ವೈರಿಯ ಎದುರು, ಅವರ ಬಳಿ ಪಿಸ್ತೂಲು ಇದ್ದಿದ್ದರೂ ಅದನ್ನು ಹೊರಗೆ ತೆಗೆಯಲು ಬಿಡುವು ಎಲ್ಲಿತ್ತು? ಆ ದಾಳಿಕೋರ ಪೊಲೀಸ್ ಇಲಾಖೆಯ ಪೇದೆಯೇ ಆಗಿದ್ದ. ಆಯುಧ ಇಲಾಖೆಯ ದಾಸ್ತಾನಿನಿಂದ ಕದ್ದದ್ದಾಗಿತ್ತು. ಕಾವಲಿರುವ ಸರಕಾರಿ ಶಸ್ತ್ರಾಗಾರದಿಂದಲೇ ಬಂದೂಕು ಕಳುವಾಗುವುದಾದರೆ ಮನೆಯ ಕಪಾಟಿನಲ್ಲಿರುವುದು ಎಷ್ಟು ಭದ್ರ?

ಇನ್ನು ಬಂದೂಕಿಲ್ಲದೆ ರಕ್ಷಣೆ ಹೇಗೆ ಎಂಬುದಕ್ಕೂ ಒಂದು ನಿದರ್ಶನ ಹೈದರಾಬಾದಿನಲ್ಲಿಯೇ ಇದೆ. 2021ರ ಜನವರಿ 22ರಂದು, ಕನ್ನಡಿಗರು ಬಹುವಾಗಿ ನೆಲೆಸಿರುವ ತಮಿಳುನಾಡಿನ ಗಡಿಪಟ್ಟಣ ಹೊಸೂರಿನಲ್ಲಿ ಚಿನ್ನದ ಸಾಲ ಕೊಡುವ ಸಂಸ್ಥೆಯ ಶಾಖೆಗೆ ಪಿಸ್ತೂಲು ಹಿಡಿದು ನುಗ್ಗಿದ ತಂಡ ಸುಮಾರು 25 ಕಿಲೋ ಗಿರವಿ ಚಿನ್ನವನ್ನು ದೋಚಿತು. ಸಿಬ್ಬಂದಿ ಎದುರು ಬೀಳಲಿಲ್ಲ. ಒಬ್ಬರ ಪ್ರಾಣವೂ ಹೋಗಲಿಲ್ಲ. ಆಭರಣಗಳ ನಡುವೆ ಅಡಗಿಸಿಟ್ಟಿದ್ದ ಜಿಪಿಎಸ್ ಸಾಧನ ದರೋಡೆಕೋರರ ದಾರಿಯನ್ನು ಹೇಳುತ್ತಲೇ ಇತ್ತು. ರಾಜ್ಯಗಳ ಪೊಲೀಸರು ಕೈಜೋಡಿಸಿದರು. ಮರುದಿನವೇ ಸೈಬರಾಬಾದ್ ಪೊಲೀಸರು ಹೈದರಾಬಾದಿನ ಹೊರವಲಯದಲ್ಲಿ ತಂಡವನ್ನು ಹಿಡಿದು ಚಿನ್ನವನ್ನೂ ಪಿಸ್ತೂಲುಗಳನ್ನೂ ವಶಪಡಿಸಿಕೊಂಡರು. ಅಂದು ಶಾಖೆಯಲ್ಲಿ ಯಾರಾದರೂ ಬಂದೂಕು ತೆಗೆದಿದ್ದರೆ ಚಿನ್ನವೂ ಉಳಿಯುತ್ತಿರಲಿಲ್ಲ, ಜೀವವೂ ಉಳಿಯುತ್ತಿರಲಿಲ್ಲ ಎಂದು ಊಹಿಸಲು ಹೆಚ್ಚಿನ ಜಾಣ್ಮೆ ಬೇಕಿಲ್ಲ.

ಭರತನ ಚಕ್ರ, ಮನೆಯ ಪಿಸ್ತೂಲು

ಬಂದೂಕಿನ ನಿಜವಾದ ಅಪಾಯ ದರೋಡೆಯ ದಿನದ್ದಲ್ಲ. ದರೋಡೆಯಿಲ್ಲದ ಉಳಿದೆಲ್ಲ ದಿನಗಳದ್ದು. ಕಳ್ಳ ಬಾರದ ಮನೆಗೂ ಕೋಪ ಬರುತ್ತದೆ. ಆಸ್ತಿಯ ಜಗಳ, ಪಾಲುದಾರಿಕೆಯ ಮನಸ್ತಾಪ, ನೆರೆಹೊರೆಯ ಕಲಹ, ಮಗನ ಹತಾಶೆ ಇವೆಲ್ಲ ಬರುತ್ತವೆ. 2020ರ ಡಿಸೆಂಬರಿನಲ್ಲಿ ತೆಲಂಗಾಣದ ಆದಿಲಾಬಾದಿನಲ್ಲಿ ಮಕ್ಕಳ ಕ್ರಿಕೆಟ್ ಆಟದಿಂದ ಎದ್ದ ಜಗಳದಲ್ಲಿ, ಪುರಸಭೆಯ ಉಪಾಧ್ಯಕ್ಷ ಸ್ಥಾನದಲ್ಲಿದ್ದು ಬಂದ ರಾಜಕೀಯ ಮುಖಂಡನೊಬ್ಬ ತನ್ನ ಪರವಾನಗಿಯ ರಿವಾಲ್ವರಿನಿಂದ ಗುಂಡು ಹಾರಿಸಿದ. ಗಾಯಗೊಂಡವರಲ್ಲಿ ಒಬ್ಬರು ಹೈದರಾಬಾದಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. 2022ರ ಜನವರಿಯಲ್ಲಿ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಆಯುಧಕ್ಕೆ ಕಾಗದಪತ್ರ ಸರಿಯಾಗಿಯೇ ಇದ್ದವು. ಪರವಾನಗಿ ಕೊಡುವ ಅಧಿಕಾರಿ ಮನುಷ್ಯನ ನಡತೆಯನ್ನು ವಿಚಾರಿಸಬಲ್ಲ. ಅವನಿಗೆ ಮುಂದೊಂದು ದಿನ ಬರಲಿರುವ ಕೋಪವನ್ನು ವಿಚಾರಿಸಲಾರ.

ಈ ಸತ್ಯವನ್ನು ತೆಲಂಗಾಣದ ನೆಲದಲ್ಲಿಯೇ, ಸಾವಿರ ವರ್ಷಗಳಿಗೂ ಹಿಂದೆ, ಕನ್ನಡದಲ್ಲಿ ಕಾವ್ಯವಾಗಿಸಿದವನು ಪಂಪ. ಅವನು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದವನು. ಕವಿಯೂ ಹೌದು, ಕಲಿಯೂ ಹೌದು, ಜಿನಭಕ್ತನೂ ಹೌದು. ಅವನ ಆದಿಪುರಾಣದಲ್ಲಿ ಬರುವ ಭರತ ಬಾಹುಬಲಿಯರ ಪ್ರಸಂಗವನ್ನು ಸಾಮಾನ್ಯವಾಗಿ ತ್ಯಾಗದ ಕಥೆಯಾಗಿ ಹೇಳುತ್ತಾರೆ. ಅದು ಆಯುಧದ ಕಥೆಯೂ ಹೌದು. ಸೈನ್ಯಗಳ ರಕ್ತಪಾತವನ್ನು ತಪ್ಪಿಸಲು ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿಕೊಂಡರು. ಮೂರರಲ್ಲಿಯೂ ಭರತ ಸೋತ. ಭರತ ನೀಚನಲ್ಲ, ಕಳ್ಳನಲ್ಲ; ಆದಿನಾಥನ ಹಿರಿಯ ಮಗ, ಚಕ್ರವರ್ತಿ. ಆದರೆ ಸೋಲಿನ ಅವಮಾನ ಕುದಿಯುತ್ತಿದ್ದ ಆ ಗಳಿಗೆಯಲ್ಲಿ ಚಕ್ರರತ್ನ ಅವನ ವಶದಲ್ಲಿತ್ತು. ಒಪ್ಪಂದವನ್ನು ಮರೆತು ಅದನ್ನು ಒಡಹುಟ್ಟಿದವನ ಮೇಲೆಯೇ ಪ್ರಯೋಗಿಸಿದ. ಪುರಾಣದ ಚಕ್ರ ಬಾಹುಬಲಿಯನ್ನು ನೋಯಿಸದೆ ಬಲಬಂದು ನಿಂತಿತು. ಕಾರ್ಖಾನೆಯ ಗುಂಡಿಗೆ ಅಂತಹ ವಿವೇಕವಿಲ್ಲ.

ಭರತನಂತಹವನಿಗೇ ಕೈಯಳತೆಯಲ್ಲಿದ್ದ ಆಯುಧ ವಿವೇಕವನ್ನು ಕೆಡಿಸಿತು ಎಂದ ಮೇಲೆ, ಸಾಲದ ಒತ್ತಡದಲ್ಲಿ, ನಿದ್ದೆಗೆಟ್ಟ ರಾತ್ರಿಯಲ್ಲಿ, ಸಾಧಾರಣ ಗೃಹಸ್ಥ ತನ್ನ ಮೇಲೆ ಎಷ್ಟು ಭರವಸೆ ಇಡಬಹುದು? ಹಿಂಸೆಯ ಮೂಲ ಪ್ರಮಾದ, ಅಂದರೆ ಎಚ್ಚರಗೇಡಿತನ ಎಂದು ತತ್ತ್ವಾರ್ಥಸೂತ್ರ ಹೇಳುವುದರ ತಾತ್ಪರ್ಯ ಇದೇ. ಎಚ್ಚರ ತಪ್ಪಿದ ಕ್ಷಣದಲ್ಲಿ ಕೈಗೆ ಸಿಗುವಂತಹ ವಸ್ತು ಯಾವುದು ಎಂಬುದರ ಮೇಲೆ ಪರಿಣಾಮ ನಿಂತಿದೆ.

ಅದೇ ಗ್ರಂಥ ರೌದ್ರಧ್ಯಾನದ ನಾಲ್ಕು ನೆಲೆಗಳನ್ನು ಹೇಳುವಾಗ ಹಿಂಸೆ, ಸುಳ್ಳು, ಕಳವುಗಳ ಸಾಲಿನಲ್ಲಿಯೇ ವಿಷಯಸಂರಕ್ಷಣೆಯನ್ನೂ ಇರಿಸುತ್ತದೆ. ಕದಿಯುವವನ ಚಿಂತನೆ ಮಾತ್ರವಲ್ಲ, ಕೂಡಿಟ್ಟದ್ದನ್ನು ಹೇಗಾದರೂ ಕಾಯಬೇಕೆಂದು ಕುದಿಯುವವನ ಚಿಂತನೆಯೂ ರೌದ್ರವೇ. ಆಯುಧ, ವಿಷ, ಬೆಂಕಿ ಮೊದಲಾದವುಗಳನ್ನು ಬೇರೆಯವರಿಗೆ ಒದಗಿಸುವ ಹಿಂಸಾದಾನವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳಲ್ಲಿ ಒಂದೆಂದು ಎಣಿಸಿದ್ದಾರೆ. ಬಂದೂಕು ಪರಿಗ್ರಹವನ್ನು ಕಾಯಲು ತಂದ ಇನ್ನೊಂದು ಪರಿಗ್ರಹ. ಅದನ್ನು ಕಾಯಲು ಮತ್ತೊಂದು ಬೀಗ ಬೇಕು.

ಬಾಡಿಗೆಯ ಹಿಂಸೆ

ಇಲ್ಲಿ ಸಮಾಜ ಕೇಳಿಕೊಳ್ಳದೆ ಬಿಟ್ಟ ಒಂದು ಪ್ರಶ್ನೆಯಿದೆ. ಅನೇಕರು ‘ಬಂದೂಕನ್ನು ಮುಟ್ಟುವುದಿಲ್ಲ’ ಎಂದು ಹೆಮ್ಮೆಪಡುತ್ತಲೇ ಅಂಗಡಿಯ ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರನನ್ನು ನಿಲ್ಲಿಸುತ್ತಾರೆ. ಜೈನಶಾಸ್ತ್ರ ಈ ಜಾಣತನವನ್ನು ಒಪ್ಪುವುದಿಲ್ಲ. ಕೃತ, ಕಾರಿತ, ಅನುಮತ ಎಂದು ಮೂರು ಬಗೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಾವಲುಗಾರನ ಕೈಯಿಂದ ಹಾರಿದ ಗುಂಡು ಯಜಮಾನನ ಖಾತೆಗೂ ಜಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾವಲುಗಾರನಿಗೆ ತಗುಲಿದ ಗುಂಡೂ ಯಜಮಾನನ ಖಾತೆಯದೇ.

ಬೀದರಿನಲ್ಲಿ ಸತ್ತವನು ಹಣದ ಒಡೆಯನಲ್ಲ. ಬೇರೆಯವರ ಹಣವನ್ನು ಹೊತ್ತು ಸಾಗಿಸುತ್ತಿದ್ದ ಕೂಲಿಯ ನೌಕರ. ಹಣಕ್ಕೆ ವಿಮೆ ಮಾಡಿಸಬಹುದು. ಹೋದ ಹಣವನ್ನು ಮರಳಿ ತರಬಹುದು. ಅವನ ಮನೆಯವರಿಗೆ ಅವನನ್ನು ಮರಳಿ ತರುವವರಾರು? ಆದ್ದರಿಂದ ಸಮಾಜದ ವ್ಯಾಪಾರಿಗಳು ಮೊದಲು ಮಾಡಬೇಕಾದದ್ದು ಒಂದು ಸರಳ ಘೋಷಣೆ: ದರೋಡೆ ನಡೆದರೆ ಬೀಗದಕೈ ಕೊಟ್ಟುಬಿಡಿ, ಎದುರು ನಿಲ್ಲಬೇಡಿ, ಹೋದ ಮಾಲಿಗೆ ಯಾರ ಸಂಬಳವನ್ನೂ ಮುರಿಯುವುದಿಲ್ಲ ಎಂದು ಪ್ರತಿಯೊಬ್ಬ ಕೆಲಸಗಾರನಿಗೂ ಬರಹದಲ್ಲಿ ತಿಳಿಸುವುದು. ಕಾವಲಿಗೆ ಜನ ಬೇಕೇ ಬೇಕೆಂದಾದರೆ ಅವರಿಗೆ ತಕ್ಕ ತರಬೇತಿ, ತಕ್ಕ ವೇತನ, ಜೀವವಿಮೆ ಕೊಡುವುದು. ಕಡಿಮೆ ಸಂಬಳಕ್ಕೆ ಸಿಗುವ ವೃದ್ಧನ ಕೈಗೆ ಹಳೆಯ ಬಂದೂಕೊಂದನ್ನು ಕೊಟ್ಟು ಬಾಗಿಲಲ್ಲಿ ಕೂರಿಸುವುದು ರಕ್ಷಣೆಯಲ್ಲ, ನಿರ್ದಯೆ.

ಆಕ್ಷೇಪಗಳು

ಬಂದೂಕಿನ ಪರವಾಗಿ ಹೇಳುವವರ ಬಳಿ ಗಟ್ಟಿಯಾದ ವಾದವೂ ಒಂದಿದೆ. ಅದನ್ನು ಹಗುರವಾಗಿ ಕಾಣಬಾರದು. ಸರಕಾರವೇ ಕೈಬಿಟ್ಟಾಗ ಏನು ಮಾಡಬೇಕು? ಬೀದರ್, ಕಲಬುರಗಿ, ರಾಯಚೂರು ಸೀಮೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದ 1947-48ರ ಕಾಲದಲ್ಲಿ ರಜಾಕಾರರ ಎದುರು ನಿರಾಯುಧ ಹಳ್ಳಿಗರು ಅನುಭವಿಸಿದ್ದನ್ನು ಆ ಭಾಗದ ಹಿರಿಯರ ಮನೆಗಳು ಮರೆತಿಲ್ಲ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ಅದರ ಕರಾಳ ಗುರುತು. ಆದರೆ ಅದೇ ಇತಿಹಾಸದ ಮುಂದಿನ ಪುಟವನ್ನೂ ಓದಬೇಕು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಆಯುಧಗಳು ದಿಕ್ಕು ಬದಲಿಸಿದವು. ಈ ಬಾರಿ ಸತ್ತವರು ಹೆಚ್ಚಾಗಿ ಮುಸಲ್ಮಾನ ಹಳ್ಳಿಗರು. ಭಾರತ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಕಾನೂನು ಕುಸಿದಾಗ ಬಂದೂಕು ನಿರ್ಬಲನ ಪಾಲಿಗೆ ಬರುವುದಿಲ್ಲ. ಆ ಹೊತ್ತಿಗೆ ಬಲ ಯಾರ ಕಡೆಗಿದೆಯೋ ಅವರ ಪಾಲಾಗುತ್ತದೆ. ಎರಡೂ ಬಾರಿ ಜನರಿಗೆ ಇಲ್ಲವಾದದ್ದು ಬಂದೂಕಲ್ಲ, ಎಲ್ಲರನ್ನೂ ಸಮನಾಗಿ ಕಾಯುವ ಆಡಳಿತ. ಅಲ್ಪಸಂಖ್ಯಾತರಾದ ಜೈನರಿಗೆ ಈ ಪಾಠ ಇತರರಿಗಿಂತ ಬೇಗ ಅರ್ಥವಾಗಬೇಕು.

ಸ್ವತಂತ್ರ ಭಾರತ ಈ ಪ್ರಶ್ನೆಯನ್ನು ಚರ್ಚಿಸದೆ ಬಿಟ್ಟಿಲ್ಲ. ಭಾರತೀಯರನ್ನು ನಿರಾಯುಧರನ್ನಾಗಿಸಿದ 1878ರ ಆಯುಧ ಕಾಯಿದೆ ಜನರಿಗೆ ಅವಮಾನವಾಗಿ ಕಂಡಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಆಯುಧ ಹೊಂದುವ ಹಕ್ಕೂ ಸೇರಿತ್ತು. ಸಂವಿಧಾನ ಸಭೆಯಲ್ಲಿ, 1948ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಆ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದರು. ಅದನ್ನು ಮೂಲಭೂತ ಹಕ್ಕಾಗಿಸಿದರೆ ಸಮಾಜಘಾತುಕನೂ ಅದೇ ಹಕ್ಕನ್ನು ಕೇಳಬಲ್ಲನೆಂದು ಡಾ. ಅಂಬೇಡ್ಕರರು ಒಪ್ಪಲಿಲ್ಲ. ಇಂದಿನ ಸಂವಿಧಾನ ಸಭೆ ಸೇರುವ ಹಕ್ಕನ್ನು ಕೊಡುವಾಗಲೂ ‘ಶಾಂತಿಯುತವಾಗಿ, ನಿರಾಯುಧರಾಗಿ’ ಎಂಬ ನಿಬಂಧನೆಯನ್ನು ಇರಿಸಿದೆ. ಅಮೆರಿಕದಲ್ಲಿರುವಂತೆ ಬಂದೂಕು ಹೊಂದುವ ಮೂಲಭೂತ ಹಕ್ಕು ಭಾರತದಲ್ಲಿಲ್ಲ ಎಂದು ಸುಪ್ರೀಂ ಕೋರ್ಟಿನ ಪೀಠ 2023ರ ಫೆಬ್ರವರಿಯಲ್ಲಿ ನೆನಪಿಸಿತು.

ಕೊಡಗಿನ ಉದಾಹರಣೆಯನ್ನು ಕೆಲವರು ಎತ್ತುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಕೇಂದ್ರ ಸರಕಾರ ಅದನ್ನು ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅಲ್ಲಿ ಬಂದೂಕು ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ, ಹುಟ್ಟು ಸಾವುಗಳಲ್ಲಿ ಮನೆತನದ ಗೌರವವಾಗಿ ಹಾರುವ ವಸ್ತು. ತಲೆಮಾರುಗಳ ಕಟ್ಟುಪಾಡು ಅದರ ಜೊತೆಗಿದೆ. ಆ ಕಟ್ಟುಪಾಡನ್ನು ಕಾಗದದ ಮೇಲಿನ ಪರವಾನಗಿಯೊಂದಿಗೆ ಹೈದರಾಬಾದಿನ ಮಾರುಕಟ್ಟೆಗೆ ತರಲಾಗದು.

ಹೆಣ್ಣುಮಕ್ಕಳ ರಕ್ಷಣೆಯ ವಾದ ಇನ್ನೂ ತೀಕ್ಷ್ಣವಾದುದು. 2019ರ ನವೆಂಬರಿನಲ್ಲಿ ಶಂಷಾಬಾದಿನ ಬಳಿ ಪಶುವೈದ್ಯೆಯೊಬ್ಬಳ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆ ದೇಶವನ್ನು ನಡುಗಿಸಿದಾಗ, ವರಂಗಲ್ಲಿನ ಕಾಲೇಜು ಉಪನ್ಯಾಸಕಿಯೊಬ್ಬರು ಬಂದೂಕಿನ ಪರವಾನಗಿಯನ್ನೇ ಕೋರಿದರು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಸರಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ‘ನಿರ್ಭೀಕ್’ ರಿವಾಲ್ವರನ್ನು ಹೊರತಂದಾಗ ಅದರ ಬೆಲೆ 1 ಲಕ್ಷ 22 ಸಾವಿರ ರೂಪಾಯಿಗೂ ಮೇಲೆ. ರಾತ್ರಿ ಪಾಳಿಯ ದಾದಿ, ಬಸ್ಸಿಗೆ ಕಾಯುವ ವಿದ್ಯಾರ್ಥಿನಿ ಅದನ್ನು ಕೊಳ್ಳಬಲ್ಲರೇ? ಅವರಿಗೆ ಬೇಕಾದದ್ದು ಬೆಳಕಿರುವ ರಸ್ತೆ, ದೂರನ್ನು ಕೂಡಲೇ ಬರೆದುಕೊಳ್ಳುವ ಠಾಣೆ. ಬಂದೂಕಿನಿಂದ ಸಿಗುವ ಅವಸರದ ನ್ಯಾಯ ಎಂತಹದೆಂಬುದನ್ನೂ ಅದೇ ಪ್ರಕರಣ ತೋರಿಸಿತು. ಡಿಸೆಂಬರ್ 6ರಂದು ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಹೂವು ಚೆಲ್ಲಿದರು. ಪೊಲೀಸರು ಹೇಳಿದ ಕಥೆ ನಂಬಲರ್ಹವಲ್ಲ, ಉದ್ದೇಶಪೂರ್ವಕವಾಗಿ ಗುಂಡು ಹಾರಿಸಲಾಗಿದೆ ಎಂದು ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ 2022ರಲ್ಲಿ ವರದಿ ಕೊಟ್ಟಿತು.

ಹೊರನಾಡಿನ ಮನೆಗಳಿಗೆ

ಅಮೆರಿಕದಲ್ಲಿ ನೆಲೆಸಿದ ಕುಟುಂಬಗಳಿಗೆ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಟೆಕ್ಸಸ್ಸಿನಂತಹ ರಾಜ್ಯದಲ್ಲಿ 2021ರ ಸೆಪ್ಟೆಂಬರಿನಿಂದ ಬಹುತೇಕ ವಯಸ್ಕರು ಪರವಾನಗಿಯಿಲ್ಲದೆಯೇ ಕೈಬಂದೂಕು ಒಯ್ಯಬಹುದು. ನೆರೆಮನೆಯವರೆಲ್ಲ ಇಟ್ಟುಕೊಂಡಿರುವಾಗ ತಾವೇಕೆ ಬೇಡವೆನ್ನಬೇಕು ಎಂಬ ಮಾತು ಅಲ್ಲಿ ಸಹಜವಾಗಿ ಬರುತ್ತದೆ. ಅಲ್ಲಿನ ಲೆಕ್ಕವನ್ನೇ ನೋಡಬೇಕು. 2021ರಲ್ಲಿ ಆ ದೇಶದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡವರು. ಕ್ಯಾಲಿಫೋರ್ನಿಯಾದ ನಿವಾಸಿಗಳನ್ನು ಕುರಿತು 2020ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿದ್ವಾಂಸರ ಅಧ್ಯಯನದ ಪ್ರಕಾರ, ಕೈಬಂದೂಕು ಹೊಂದಿದ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ, ಹೊಂದಿಲ್ಲದವರಿಗಿಂತ ಸುಮಾರು 8 ಪಟ್ಟು; ಹೆಂಗಸರಲ್ಲಿ ಸುಮಾರು 35 ಪಟ್ಟು. ಹೊರಗಿನ ಕಳ್ಳನಿಗಾಗಿ ತಂದ ಆಯುಧ ಒಳಗಿನ ದುಃಖಕ್ಕೆ ಸಿಕ್ಕಿಬಿಡುತ್ತದೆ. ಪರೀಕ್ಷೆ, ನೌಕರಿ, ವೀಸಾ, ಒಂಟಿತನಗಳ ಒತ್ತಡದಲ್ಲಿ ಬೆಳೆಯುವ ಮಕ್ಕಳಿರುವ ಮನೆಗಳಲ್ಲಿ ಈ ಒಂದು ಮಾತನ್ನು ತಂದೆತಾಯಂದಿರು ಮರೆಯಬಾರದು.

ಮಾಡಬೇಕಾದದ್ದೇನು?

ಎಲ್ಲರಿಗೂ ಒಂದೇ ನಿಯಮವೆಂದು ಹಟ ಹಿಡಿಯಬೇಕಿಲ್ಲ. ನಿರ್ದಿಷ್ಟವಾದ ಪ್ರಾಣಬೆದರಿಕೆ ಇರುವವನಿಗೆ, ಕಾಡಂಚಿನ ರೈತನಿಗೆ ಕಾನೂನಿನಲ್ಲಿ ದಾರಿಯಿದೆ. 1959ರ ಆಯುಧ ಕಾಯಿದೆ, 2016ರ ನಿಯಮಗಳು ಬೆದರಿಕೆಯ ಪರಿಶೀಲನೆ, ತರಬೇತಿ, ಭದ್ರವಾದ ಸಂಗ್ರಹ ಇವುಗಳನ್ನು ಕೇಳುತ್ತವೆ. ಹೈದರಾಬಾದಿನಲ್ಲಿ ಪರವಾನಗಿ ಕೊಡುವವರು ಪೊಲೀಸ್ ಆಯುಕ್ತರು. ಬಂದೂಕಿಲ್ಲದಿದ್ದರೂ ಆತ್ಮರಕ್ಷಣೆಯ ಹಕ್ಕು ಪ್ರತಿಯೊಬ್ಬನಿಗೂ ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳು ಅದನ್ನು ವಿವರಿಸುತ್ತವೆ. ಆದರೆ ಆ ಹಕ್ಕು ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಕೇಡನ್ನು ಒಪ್ಪುವುದಿಲ್ಲ. ಬೆನ್ನು ತಿರುಗಿಸಿ ಓಡುವ ಕಳ್ಳನಿಗೆ ಗುಂಡು ಹೊಡೆದವನು ಮರುದಿನ ಆರೋಪಿಯಾಗಿ ಕಟಕಟೆಯಲ್ಲಿ ನಿಲ್ಲಬೇಕಾದೀತು.

ಉಳಿದ ಸಾಮಾನ್ಯ ಗೃಹಸ್ಥರು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಅಂಗಡಿಯಲ್ಲಿಯೂ ಮನೆಯಲ್ಲಿಯೂ ನಗದು ಕೂಡಿಡುವ ಹಳೆಯ ಅಭ್ಯಾಸವನ್ನು ಬಿಟ್ಟು ವ್ಯವಹಾರವನ್ನು ಬ್ಯಾಂಕಿನ ಮೂಲಕ ಮಾಡಿದರೆ ದರೋಡೆಯ ಆಸೆಯೂ ಕುಗ್ಗುತ್ತದೆ, ಸತ್ಯಾಣುವ್ರತಕ್ಕೂ ಒಳಿತಾಗುತ್ತದೆ. ಮಾಲಿಗೆ ವಿಮೆ, ಜಿಪಿಎಸ್ ಸಾಧನ, ಠಾಣೆಗೆ ಕೂಡಲೇ ಸುದ್ದಿ ಮುಟ್ಟಿಸುವ ಗಂಟೆ ಇವುಗಳಿಗೆ ಮಾರುಕಟ್ಟೆಯ ವ್ಯಾಪಾರಿಗಳು ಒಟ್ಟಾಗಿ ಖರ್ಚು ಮಾಡಬಹುದು. ಮದುವೆ, ಪಂಚಕಲ್ಯಾಣ, ರಥೋತ್ಸವಗಳಲ್ಲಿ ಮೈತುಂಬ ಆಭರಣ ಹೇರಿಕೊಂಡು, ಸವಾಲಿನಲ್ಲಿ ಕೂಗಿದ ಮೊತ್ತವನ್ನು ಹೆಸರು ಸಹಿತ ಲೋಕಕ್ಕೆಲ್ಲ ಸಾರಿ, ಆಮೇಲೆ ಕಳ್ಳರ ಕಾಟವೆಂದು ಗೋಳಿಡುವುದನ್ನು ನಿಲ್ಲಿಸಬೇಕು. ಈಗಾಗಲೇ ಬಂದೂಕು ಇರುವ ಮನೆಗಳಲ್ಲಿ ಅದರ ಅಗತ್ಯ ಇಂದಿಗೂ ಇದೆಯೇ ಎಂದು ಕೇಳಿಕೊಳ್ಳಬೇಕು. ಬೇಡವಾದ ಆಯುಧವನ್ನು ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಲು ಕಾಯಿದೆಯಲ್ಲಿಯೇ ಅವಕಾಶವಿದೆ. ಪರ್ಯುಷಣ, ದಶಲಕ್ಷಣ ಪರ್ವಗಳಲ್ಲಿ ಕ್ಷಮೆ ಕೇಳುವ ಸಮಾಜಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇರೆ ಬೇಕಿಲ್ಲ.

ಗೃಹಸ್ಥನಿಗೆ ತನ್ನ ಪ್ರಾಣವನ್ನು ಉಳಿಸಿಕೊಳ್ಳುವ ಹಕ್ಕನ್ನು ಧರ್ಮವೂ ಕೊಟ್ಟಿದೆ, ಕಾನೂನೂ ಕೊಟ್ಟಿದೆ. ಚಿನ್ನಕ್ಕಾಗಿ ಪ್ರಾಣ ತೆಗೆಯುವ, ಪ್ರಾಣ ಕೊಡುವ ಕರ್ತವ್ಯವನ್ನು ಎರಡೂ ವಿಧಿಸಿಲ್ಲ. ಹೋದ ಚಿನ್ನವನ್ನು ಮತ್ತೆ ಗಳಿಸಬಹುದೆಂಬ ಧೈರ್ಯ ವ್ಯಾಪಾರಿಗೆ ಇರಬೇಕು. ಆ ಧೈರ್ಯ ಇಲ್ಲದವನಿಗೆ ಬಂದೂಕು ಅದನ್ನು ತಂದುಕೊಡುವುದಿಲ್ಲ.